ಮನೆ ಪಾಳು, ಹೊಲ ಪಾಳಲ್ಲ: ಅಮೆರಿಕದ ಖಾಲಿ ಫಾರ್ಮ್ ಫೋಟೋಗಳನ್ನು ಓದುವುದು ಹೇಗೆ?

2025ರಲ್ಲಿ ಅಮೆರಿಕದ ಕೃಷಿಯ ಬಗ್ಗೆ ಬಂದ ಸುದ್ದಿಗಳನ್ನು ಒಟ್ಟಿಗೆ ಇಟ್ಟು ಓದಿದರೆ ತಲೆ ಕೆಡುತ್ತದೆ. ಮೆಕ್ಕೆಜೋಳ ದಾಖಲೆ ಮಟ್ಟದಲ್ಲಿ ಬೆಳೆಯಿತು, ಒಟ್ಟು ಉತ್ಪಾದನೆ 1,600 ಕೋಟಿ ಬುಷೆಲ್ ದಾಟಿತು (ಬುಷೆಲ್ ಅಲ್ಲಿನ ಧಾನ್ಯದ ಅಳತೆ, ಮೆಕ್ಕೆಜೋಳಕ್ಕೆ ಸುಮಾರು 25 ಕೆ.ಜಿ.). ಅದೇ ವರ್ಷ ರೈತರ ದಿವಾಳಿ ಅರ್ಜಿಗಳೂ ಏರಿದವು. ಸುಂಕದ ಜಗಳದ ನಡುವೆ ಚೀನಾ ತಿಂಗಳುಗಟ್ಟಲೆ ಅಮೆರಿಕದ ಸೋಯಾಬೀನ್ ಕೊಳ್ಳಲೇ ಇಲ್ಲ. ಡಿಸೆಂಬರ್‌ನಲ್ಲಿ ಸರ್ಕಾರ 1,200 ಕೋಟಿ ಡಾಲರ್ ನೆರವು ಘೋಷಿಸಿತು. ಇಂಥ ಸುದ್ದಿಗಳ ಜೊತೆಗೆ ಓಡಾಡುವ ಫೋಟೋ ಮಾತ್ರ ಹೆಚ್ಚುಕಮ್ಮಿ ಒಂದೇ ಥರ. ಬಯಲಿನ ನಡುವೆ ಒಂಟಿ ಮರದ ಮನೆ, ಕಿತ್ತುಹೋದ ಕಿಟಕಿ, ವಾಲಿದ ಕೊಟ್ಟಿಗೆ, ತುಕ್ಕು ಹಿಡಿದ ಗಾಳಿಯಂತ್ರ.

ಅಷ್ಟೊಂದು ಬೆಳೆ ಬಂದಿದ್ದರೆ ಫಾರ್ಮ್‌ಗಳು ಖಾಲಿ ಬಿದ್ದಿರುವುದು ಯಾಕೆ? ಫಾರ್ಮ್‌ಗಳು ಖಾಲಿಯಾಗಿದ್ದರೆ ಆ ಬೆಳೆ ಬೆಳೆದವರು ಯಾರು? ಎರಡೂ ಒಟ್ಟಿಗೆ ನಿಜ ಆಗಲು ಸಾಧ್ಯವೇ? ಸಾಧ್ಯ. ಅದು ಗೊತ್ತಾಗಬೇಕಾದರೆ ಆ ಫೋಟೋದಲ್ಲಿ ಮನೆಯನ್ನು ಬಿಟ್ಟು ಮನೆಯ ಸುತ್ತ ಇರುವ ನೆಲವನ್ನು ನೋಡಬೇಕು. ಎಷ್ಟೋ ಸಲ ಆ ನೆಲ ಬೀಳು ಬಿದ್ದಿರುವುದಿಲ್ಲ. ಬಾಗಿಲವರೆಗೂ ಉಳುಮೆ ಆಗಿರುತ್ತದೆ.

160 ಎಕರೆಗೆ ಒಂದು ಮನೆ

ಮೊದಲು ಇಷ್ಟೊಂದು ಮನೆಗಳು ಅಲ್ಲಿಗೆ ಬಂದದ್ದು ಹೇಗೆ ಅಂತ ನೋಡೋಣ. 1862ರ ಹೋಮ್‌ಸ್ಟೆಡ್ ಕಾಯ್ದೆ ಪ್ರಕಾರ ಒಂದು ಕುಟುಂಬಕ್ಕೆ 160 ಎಕರೆ ಸರ್ಕಾರಿ ಜಮೀನು ಸಿಗುತ್ತಿತ್ತು. ಶರತ್ತು ಇತ್ತು. ಐದು ವರ್ಷ ಅಲ್ಲೇ ಇರಬೇಕು, ಜಮೀನನ್ನು ಸಾಗುವಳಿ ಮಾಡಬೇಕು. ಅಂದರೆ ಕಾನೂನೇ 160 ಎಕರೆಗೊಂದು ಮನೆ ಕಟ್ಟಿಸಿತು.

ಮಳೆ ಚೆನ್ನಾಗಿರುವ ಪೂರ್ವದ ರಾಜ್ಯಗಳಲ್ಲಿ ಅಷ್ಟು ಜಮೀನು ಸಾಕಾಗುತ್ತಿತ್ತು. ಗ್ರೇಟ್ ಪ್ಲೇನ್ಸ್ ಎನ್ನುವ ಒಣ ಬಯಲಿನಲ್ಲಿ, ಅಂದರೆ ಡಕೋಟಾಗಳಿಂದ ಕೆಳಗೆ ಟೆಕ್ಸಸ್‌ವರೆಗಿನ ಪಟ್ಟಿಯಲ್ಲಿ, ಅದು ಸಾಲುತ್ತಿರಲಿಲ್ಲ. ಸರ್ಕಾರಕ್ಕೂ ಇದು ತಿಳಿಯಿತು. 1909ರಲ್ಲಿ ಒಣ ಪ್ರದೇಶಗಳಿಗೆ ಮಿತಿಯನ್ನು 320 ಎಕರೆಗೆ ಏರಿಸಿತು. ಅದೂ ಸಾಲಲಿಲ್ಲ.

ಈಗ ಒಂದು ಸುಲಭದ ಲೆಕ್ಕ. ದೊಡ್ಡ ಟ್ರ್ಯಾಕ್ಟರ್, ಕಟಾವು ಯಂತ್ರ ಇರುವ ಒಂದು ಕುಟುಂಬ 3,200 ಎಕರೆ ಮಾಡುತ್ತಿದೆ ಅಂದುಕೊಳ್ಳಿ. ಹಳೇ ಅಳತೆಯಲ್ಲಿ ಅದು 20 ಫಾರ್ಮ್, 20 ಮನೆ. ಈ ಕುಟುಂಬಕ್ಕೆ ಬೇಕಾದದ್ದು ಒಂದೇ ಮನೆ. ಮಿಕ್ಕ 19 ಏನಾಗಬೇಕು? ಕೆಡವಲು ದುಡ್ಡು ಬೇಕು. ದುರಸ್ತಿಗೆ ಇನ್ನೂ ಜಾಸ್ತಿ ಬೇಕು. ಹಾಗಾಗಿ ಎಷ್ಟೋ ಮನೆಗಳು ಸುಮ್ನೆ ನಿಂತಿರುತ್ತವೆ, ತಾವಾಗಿ ಬೀಳುವವರೆಗೆ. ಒಂದು ದಿನ ಮಾಲೀಕರು ಬುಲ್ಡೋಜರ್ ತಂದು ಅದನ್ನೂ ಹೊಲಕ್ಕೆ ಸೇರಿಸಿಕೊಳ್ಳುವುದೂ ಉಂಟು.

ಒಟ್ಟು ದೇಶದ ಲೆಕ್ಕವೂ ಇದನ್ನೇ ಹೇಳುತ್ತದೆ. 1935ರಲ್ಲಿ ಅಮೆರಿಕದಲ್ಲಿ ಸುಮಾರು 68 ಲಕ್ಷ ಫಾರ್ಮ್‌ಗಳಿದ್ದವು. 2022ರ ಕೃಷಿ ಗಣತಿಯಲ್ಲಿ ಸಿಕ್ಕಿದ್ದು 19 ಲಕ್ಷ. ಶೇ 70ಕ್ಕೂ ಜಾಸ್ತಿ ಇಳಿಕೆ. ಆದರೆ ಕೃಷಿ ಜಮೀನು ಅದೇ ಅವಧಿಯಲ್ಲಿ ಸುಮಾರು 105 ಕೋಟಿ ಎಕರೆಯಿಂದ 88 ಕೋಟಿಗೆ ಇಳಿದಿದೆ, ಅಂದರೆ ಶೇ 17ರಷ್ಟು. ಫಾರ್ಮ್‌ನ ಸರಾಸರಿ ಗಾತ್ರ 155 ಎಕರೆಯಿಂದ 463 ಎಕರೆಗೆ ಏರಿದೆ. ಹೊಲ ಬಹುಪಾಲು ಉಳಿದಿದೆ, ಅದರ ಮೇಲೆ ಬದುಕುತ್ತಿದ್ದ ಮನೆಗಳು ಹೋಗಿವೆ.

ಸರ್ಕಾರವೇ ಕ್ಯಾಮೆರಾ ಹಿಡಿದಾಗ

ಪಾಳು ಫಾರ್ಮ್ ಅಂದ ತಕ್ಷಣ ನಮ್ಮ ಕಣ್ಣಿಗೆ ಬರುವ ಕಪ್ಪು-ಬಿಳುಪು ಚಿತ್ರಗಳು ಬಹುತೇಕ ಒಂದೇ ಕಡೆಯಿಂದ ಬಂದವು. 1935ರಲ್ಲಿ ರೂಸ್‌ವೆಲ್ಟ್ ಸರ್ಕಾರ ಬಡ ರೈತರಿಗೆ ನೆರವು, ಮರುವಸತಿ ಕೊಡಲು ರಿಸೆಟಲ್‌ಮೆಂಟ್ ಅಡ್ಮಿನಿಸ್ಟ್ರೇಷನ್ ಎಂಬ ಇಲಾಖೆ ತೆರೆಯಿತು. 1937ರಲ್ಲಿ ಅದು ಫಾರ್ಮ್ ಸೆಕ್ಯುರಿಟಿ ಅಡ್ಮಿನಿಸ್ಟ್ರೇಷನ್ ಆಯಿತು. ಅದರ ಫೋಟೋ ವಿಭಾಗದ ಮುಖ್ಯಸ್ಥ ರಾಯ್ ಸ್ಟ್ರೈಕರ್. ಆತ ಸ್ವತಃ ಫೋಟೋಗ್ರಾಫರ್ ಅಲ್ಲ, ಅರ್ಥಶಾಸ್ತ್ರ ಓದಿದವನು. ಡೊರೊಥಿಯಾ ಲ್ಯಾಂಗ್, ವಾಕರ್ ಇವಾನ್ಸ್, ಆರ್ಥರ್ ರಾಥ್‌ಸ್ಟೀನ್, ರಸೆಲ್ ಲೀ, ಮರಿಯನ್ ಪೋಸ್ಟ್ ವೋಲ್ಕಾಟ್ ಮುಂತಾದವರನ್ನು ಊರೂರಿಗೆ ಕಳಿಸಿದ. ಏನೇನು ತೆಗೆಯಬೇಕು ಎಂಬ ಪಟ್ಟಿಯನ್ನೂ ಕಳಿಸುತ್ತಿದ್ದ. ತನಗೆ ಒಪ್ಪಿಗೆಯಾಗದ ನೆಗೆಟಿವ್‌ಗಳಿಗೆ ತೂತು ಹೊಡೆಸುತ್ತಿದ್ದ.

ಅಷ್ಟಾದರೂ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಇಂದು ಈ ಸಂಗ್ರಹದ ಸುಮಾರು 1,75,000 ಕಪ್ಪು-ಬಿಳುಪು ನೆಗೆಟಿವ್‌ಗಳಿವೆ. ಯಾರು ಬೇಕಾದರೂ ಪುಕ್ಕಟೆಯಾಗಿ ಬಳಸಬಹುದು. ಆದ್ದರಿಂದಲೇ ತೊಂಬತ್ತು ವರ್ಷ ಹಿಂದಿನ ಮನೆ ಇವತ್ತಿನ ಸುದ್ದಿಯ ಪಕ್ಕದಲ್ಲಿ ಬಂದು ಕೂರುತ್ತದೆ.

ಸರ್ಕಾರ ಇದಕ್ಕೆ ದುಡ್ಡು ಸುರಿದದ್ದು ಕಲಾಪ್ರೀತಿಯಿಂದ ಅಲ್ಲ. ಇಲಾಖೆಯ ಯೋಜನೆಗಳಿಗೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನಲ್ಲಿ ವಿರೋಧ ಇತ್ತು. ನಗರದ ಓದುಗರಿಗೆ ಹಳ್ಳಿಯ ಸ್ಥಿತಿ ತೋರಿಸಿ ಬೆಂಬಲ ಗಳಿಸಬೇಕಿತ್ತು. ಇನ್ನೊಂದು ಉದ್ದೇಶವೂ ಇತ್ತು, ಅದರ ಬಗ್ಗೆ ಮಾತು ಕಡಿಮೆ. ಬೇಸಾಯಕ್ಕೆ ಲಾಯಕ್ಕಿಲ್ಲ ಎಂದು ತೀರ್ಮಾನಿಸಿದ ಜಮೀನನ್ನು ಸರ್ಕಾರ ರೈತರಿಂದ ಕೊಳ್ಳುತ್ತಿತ್ತು. ಹಾಗೆ ಕೊಂಡದ್ದು 1.1 ಕೋಟಿ ಎಕರೆಗೂ ಜಾಸ್ತಿ. 'ಈ ಜಮೀನು ಕೆಟ್ಟುಹೋಗಿದೆ' ಎಂದು ತೋರಿಸುವ ಫೋಟೋ ಆ ಖರೀದಿಗೆ ಸಮರ್ಥನೆಯೂ ಆಗುತ್ತಿತ್ತು. ಅದರಲ್ಲಿ ಒಂದಷ್ಟು ಭಾಗ 1960ರಲ್ಲಿ ನ್ಯಾಷನಲ್ ಗ್ರಾಸ್‌ಲ್ಯಾಂಡ್ ಎಂಬ ಸಾರ್ವಜನಿಕ ಹುಲ್ಲುಗಾವಲಾಯಿತು. ಕಾನ್ಸಸ್‌ನ ಸಿಮರಾನ್, ಕೊಲರಾಡೊದ ಕಮ್ಯಾಂಚಿ ಅಂಥವು. ನಿಜಕ್ಕೂ ಬೇಸಾಯ ನಿಂತ ನೆಲ ನೋಡಬೇಕೆಂದರೆ ಅಲ್ಲಿಗೆ ಹೋಗಬೇಕು.

ಧೂಳು ಎಷ್ಟಕ್ಕೆ ಕಾರಣ?

1930ರ ದಶಕದ ಧೂಳುಗಾಳಿಯ ಕಾಲದ ('ಡಸ್ಟ್ ಬೌಲ್') ಬಗ್ಗೆ ಸಾಮಾನ್ಯವಾಗಿ ಹೇಳುವ ಕಥೆ ಇಷ್ಟೇ: ಬರ ಬಂತು, ಧೂಳು ಎದ್ದಿತು, ರೈತರು ಗಂಟುಮೂಟೆ ಕಟ್ಟಿ ಕ್ಯಾಲಿಫೋರ್ನಿಯಾಕ್ಕೆ ಹೋದರು. ಇದರಲ್ಲಿ ಸುಳ್ಳಿಲ್ಲ, ಆದರೆ ಅರ್ಧ ಕಥೆ ಬಿಟ್ಟುಹೋಗಿದೆ.

ಮೊದಲನೇ ಮಹಾಯುದ್ಧದ ಕಾಲದಲ್ಲಿ ಗೋಧಿ ಬೆಲೆ ಬುಷೆಲ್‌ಗೆ 2 ಡಾಲರ್ ದಾಟಿತ್ತು. ರೈತರು ಸಾಲ ಮಾಡಿ ಟ್ರ್ಯಾಕ್ಟರ್ ಕೊಂಡರು, ಹುಲ್ಲುಗಾವಲನ್ನು ಉತ್ತು ಗೋಧಿ ಹಾಕಿದರು. ಯುದ್ಧ ಮುಗಿದು ಬೆಲೆ ಇಳಿದಾಗ ಸಾಲದ ಕಂತು ಇಳಿಯಲಿಲ್ಲ. ಕಂತು ಕಟ್ಟಲು ಇನ್ನಷ್ಟು ನೆಲ ಉತ್ತರು. ಇನ್ನಷ್ಟು ಗೋಧಿ ಬಂದು ಬೆಲೆ ಇನ್ನೂ ಕುಸಿಯಿತು. 1932ಕ್ಕೆ ಬುಷೆಲ್‌ಗೆ 40 ಸೆಂಟ್ ಕೂಡ ಸಿಗುತ್ತಿರಲಿಲ್ಲ. ಬೇರು ಹಿಡಿದಿದ್ದ ಹುಲ್ಲು ಹೋಗಿದ್ದ ನೆಲಕ್ಕೆ ಆಗ ಬರ ಬಂತು. ಮಣ್ಣು ಹಾರಿತು. 1935ರ ಏಪ್ರಿಲ್ 14ರ ಧೂಳುಗಾಳಿಯ ದಿನವನ್ನು ಅಲ್ಲಿನವರು ಈಗಲೂ 'ಕಪ್ಪು ಭಾನುವಾರ' ಎನ್ನುತ್ತಾರೆ. ಬೆಲೆ, ಸಾಲ, ಉಳುಮೆ, ಬರ, ಇದೇ ಕ್ರಮದಲ್ಲಿ ಒಂದು ಇನ್ನೊಂದನ್ನು ತಂದಿತು. ಫೋಟೋದಲ್ಲಿ ಸಿಕ್ಕಿದ್ದು ಕೊನೆಯದು ಮಾತ್ರ.

ಅಷ್ಟಾಗಿಯೂ ಧೂಳೆದ್ದ ಪ್ರದೇಶದ ಹೆಚ್ಚಿನ ಜನ ಊರು ಬಿಡಲಿಲ್ಲ. ಕ್ಯಾಲಿಫೋರ್ನಿಯಾಕ್ಕೆ ಹೋದವರಲ್ಲಿ ದೊಡ್ಡ ಪಾಲು ಓಕ್ಲಹೋಮಾದ ಪೂರ್ವ ಭಾಗ, ಅರ್ಕನ್ಸಾ, ಟೆಕ್ಸಸ್‌ನ ಹತ್ತಿ ಹೊಲಗಳಿಂದ ಬಂದವರು. ಗೇಣಿಗೆ ಅಥವಾ ಪಾಲಿಗೆ ಬೇಸಾಯ ಮಾಡುತ್ತಿದ್ದವರು. ಅವರನ್ನು ಎಬ್ಬಿಸಿದ್ದರಲ್ಲಿ ಸರ್ಕಾರದ ಕೈವಾಡವೂ ಇತ್ತು. 1933ರ ಕೃಷಿ ಹೊಂದಾಣಿಕೆ ಕಾಯ್ದೆ ಬೆಲೆ ಏರಿಸುವುದಕ್ಕಾಗಿ, ಬಿತ್ತನೆ ಕಡಿಮೆ ಮಾಡಿದವರಿಗೆ ಹಣ ಕೊಟ್ಟಿತು. ಒಪ್ಪಂದ ಆಗುತ್ತಿದ್ದದ್ದು ಜಮೀನಿನ ಒಡೆಯನ ಜೊತೆ. ಗೇಣಿದಾರನಿಗೆ ಅದರಲ್ಲಿ ಪಾಲು ಸಿಗಬೇಕಿತ್ತು, ಎಷ್ಟೋ ಕಡೆ ಸಿಗಲಿಲ್ಲ. ಬಿತ್ತನೆ ಕಡಿಮೆಯಾದ ಮೇಲೆ ಗೇಣಿದಾರನೇ ಬೇಡವಾದ. ಬಂದ ಹಣದಲ್ಲಿ ಒಡೆಯ ಟ್ರ್ಯಾಕ್ಟರ್ ಕೊಂಡ. ದೇಶದ ಫಾರ್ಮ್‌ಗಳಲ್ಲಿ 1930ರಲ್ಲಿ 9 ಲಕ್ಷದಷ್ಟಿದ್ದ ಟ್ರ್ಯಾಕ್ಟರ್ 1940ಕ್ಕೆ 15 ಲಕ್ಷ ದಾಟಿತು.

ಇದನ್ನು ಒಂದೇ ಚೌಕಟ್ಟಿನಲ್ಲಿ ಹಿಡಿದವಳು ಡೊರೊಥಿಯಾ ಲ್ಯಾಂಗ್. 1938ರ ಜೂನ್, ಟೆಕ್ಸಸ್‌ನ ಚಿಲ್ಡ್ರೆಸ್ ಕೌಂಟಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು). ಚಿತ್ರದ ಮಧ್ಯದಲ್ಲಿ ಯಾರೂ ಇಲ್ಲದ ಪುಟ್ಟ ಮನೆ. ಅದರ ಮುಂದೆಲ್ಲ ಟ್ರ್ಯಾಕ್ಟರ್ ಎಳೆದ ಉಳುಮೆಯ ಸಾಲು, ಅಲೆಅಲೆಯಾಗಿ ಮನೆಯ ಹತ್ತಿರದವರೆಗೂ ಬಂದಿವೆ. ಯಾಂತ್ರಿಕ ಬೇಸಾಯ ಗೇಣಿದಾರರನ್ನು ನೆಲದಿಂದ ಎಬ್ಬಿಸುತ್ತಿದೆ ಎಂದು ಅಡಿಬರಹವೂ ನೇರವಾಗಿ ಹೇಳುತ್ತದೆ. ಧೂಳಿಲ್ಲ, ಬಿರುಕು ಬಿಟ್ಟ ನೆಲವಿಲ್ಲ. ಆ ಇಡೀ ಸಂಗ್ರಹದಲ್ಲಿ ಇಂದಿನ ಸುದ್ದಿಗೆ ಹತ್ತಿರವಾದ ಚಿತ್ರ ಇದು. ವಿಚಿತ್ರ ಅಂದರೆ, ಸುದ್ದಿಗಳ ಜೊತೆ ಓಡಾಡುವುದು ಮಾತ್ರ ಧೂಳಿನ ಚಿತ್ರಗಳೇ ಜಾಸ್ತಿ.

ಲ್ಯಾಂಗ್‌ಳ ಅತಿ ಪ್ರಸಿದ್ಧ ಚಿತ್ರಕ್ಕೂ ಇದೇ ಗತಿ. 1936ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ನಿಪೊಮೊದಲ್ಲಿ ತೆಗೆದ, ಮಕ್ಕಳನ್ನು ಹಿಡಿದು ಕೂತ ತಾಯಿಯ ಫೋಟೋ. ಧೂಳಿಗೆ ಸಿಕ್ಕಿ ಊರು ಬಿಟ್ಟ ರೈತ ಕುಟುಂಬ ಎಂದೇ ಜನ ಅದನ್ನು ನೆನಪಿಡುತ್ತಾರೆ. ಆ ಮಹಿಳೆ ಓಕ್ಲಹೋಮಾದಿಂದ ಕ್ಯಾಲಿಫೋರ್ನಿಯಾಕ್ಕೆ ಬಂದದ್ದು 1920ರ ದಶಕದಲ್ಲೇ, ಧೂಳು ಏಳುವುದಕ್ಕೂ ಮೊದಲು.

ಒಂದು ತಲೆಬುರುಡೆಯ ಜಗಳ

ಇಂಥ ಫೋಟೋಗಳೆಲ್ಲ ಪ್ರಚಾರದ ಸರಕು ಎಂಬ ವಾದ ಹೊಸದೇನಲ್ಲ. 1936ರ ಮೇ ತಿಂಗಳಲ್ಲಿ ಆರ್ಥರ್ ರಾಥ್‌ಸ್ಟೀನ್ ದಕ್ಷಿಣ ಡಕೋಟಾದಲ್ಲಿ ಒಂದು ಒಣಗಿದ ದನದ ತಲೆಬುರುಡೆ ಕಂಡ. ಬಿರುಕು ಬಿಟ್ಟ ನೆಲದ ಮೇಲಿಟ್ಟು ಫೋಟೋ ತೆಗೆದ. ನಾಲ್ಕಾರು ಹೆಜ್ಜೆ ಸರಿಸಿ, ಹುಲ್ಲಿನ ಮೇಲಿಟ್ಟು ಮತ್ತೆ ತೆಗೆದ. ಆಗಸ್ಟ್‌ನಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ರೈಲಿನಲ್ಲಿ ಬರ ನೋಡಲು ಹೊರಟ. ಅದು ಚುನಾವಣೆಯ ವರ್ಷ ಬೇರೆ. ಉತ್ತರ ಡಕೋಟಾದ ಫಾರ್ಗೊ ಫೋರಂ ಪತ್ರಿಕೆ, ಬುರುಡೆಯನ್ನು ಸರಿಸಿ ಫೋಟೋ ತೆಗೆಯಲಾಗಿದೆ, ಇದು ನಕಲಿ ಎಂದು ಬರೆಯಿತು. ಸರ್ಕಾರದ ವಿರೋಧಿ ಪತ್ರಿಕೆಗಳು ಅದನ್ನು ಎತ್ತಿಕೊಂಡವು. ಆ ಥರ ಬಿರುಕು ಬಿಟ್ಟ ಕ್ಷಾರ ನೆಲ ಮಳೆ ಚೆನ್ನಾದ ವರ್ಷವೂ ಅಲ್ಲಿ ಕಾಣುತ್ತದೆ ಎಂಬ ವಾದವೂ ಬಂತು.

ಟೀಕೆಯಲ್ಲಿ ಹುರುಳಿತ್ತು. ಬುರುಡೆ ಸರಿದದ್ದು ನಿಜ, ಅದನ್ನು ಆಗಿನ ಬರದ ಸಾಕ್ಷಿ ಎಂಬಂತೆ ಹಂಚಿದ್ದೂ ಸರಿಯಲ್ಲ. ಆದರೆ 1936ರ ಬರವೂ ನಿಜವೇ. ಬುರುಡೆ ಎಲ್ಲಿತ್ತು ಎಂಬ ಜಗಳದಲ್ಲಿ ಬರ ಇತ್ತೋ ಇಲ್ಲವೋ ಎಂಬುದೇ ಅನುಮಾನಕ್ಕೆ ಬಿತ್ತು. ವಿರೋಧಿಗಳಿಗೆ ಬೇಕಾಗಿದ್ದದ್ದೂ ಅದೇ.

ಈಗ ಬುರುಡೆ ಸರಿಸುವ ಶ್ರಮವೂ ಬೇಡ. ಕೃತಕ ಬುದ್ಧಿಮತ್ತೆ ಬಳಸಿ ಕುಳಿತಲ್ಲೇ ಹತ್ತು ಪಾಳು ಫಾರ್ಮ್ ಸೃಷ್ಟಿಸಬಹುದು. ಹಳೇ ಚಿತ್ರಕ್ಕೆ ಬಣ್ಣ ತುಂಬಿ ನಿನ್ನೆಯದು ಅನ್ನಬಹುದು. ಸರ್ಕಾರಿ ಸಂಗ್ರಹದ ಚಿತ್ರಗಳಿಗೆ ಊರು, ಕೌಂಟಿ, ತಿಂಗಳು, ವರ್ಷ ಬರೆದ ಅಡಿಬರಹ ಇರುತ್ತದೆ. ಆ ಅಡಿಬರಹ ಕಿತ್ತುಹಾಕಿ ಹಂಚಿದ ಫೋಟೋ ಯಾವ ಕಾಲದ್ದೂ ಆಗಬಹುದು, ಯಾವ ಕಾರಣದ್ದೂ ಆಗಬಹುದು. ಫೋಟೋ ಅಸಲಿಯೇ ಆಗಿದ್ದರೂ ಅದು ಹೇಳುವ ಮಾತು ಸುಳ್ಳಾಗುತ್ತದೆ.

ಈಗಿನ ಲೆಕ್ಕ: ದಿವಾಳಿ ಕಡಿಮೆ, ಸದ್ದಿಲ್ಲದ ನಿರ್ಗಮನ ಜಾಸ್ತಿ

1930ರ ದಶಕದ ನಂತರ ಇಂಥ ಇನ್ನೊಂದು ದೊಡ್ಡ ಹೊಡೆತ ಬಿದ್ದದ್ದು 1980ರ ದಶಕದಲ್ಲಿ. ಆಗ ಧೂಳು ಇರಲಿಲ್ಲ, ಬಡ್ಡಿ ಇತ್ತು. 1970ರ ದಶಕದಲ್ಲಿ ರಫ್ತು ಜೋರಾಗಿದ್ದಾಗ ರೈತರು ಸಾಲ ಮಾಡಿ ಜಮೀನು ಕೊಂಡಿದ್ದರು. ಹಣದುಬ್ಬರ ತಗ್ಗಿಸಲು ಕೇಂದ್ರ ಬ್ಯಾಂಕ್ ಬಡ್ಡಿ ಏರಿಸಿತು. 1980ರಲ್ಲಿ ಸೋವಿಯತ್ ಒಕ್ಕೂಟಕ್ಕೆ ಧಾನ್ಯ ಮಾರುವುದನ್ನು ಸರ್ಕಾರ ನಿಲ್ಲಿಸಿತು. ಅಯೋವಾದಲ್ಲಿ ಜಮೀನಿನ ಬೆಲೆ 1981ರಿಂದ 1986ರೊಳಗೆ ಶೇ 60ಕ್ಕೂ ಜಾಸ್ತಿ ಬಿತ್ತು. ರೈತರಿಗೆಂದೇ 'ಚಾಪ್ಟರ್ 12' ಎಂಬ ದಿವಾಳಿ ಕಾನೂನು ಬಂದದ್ದು ಆಗಲೇ, 1986ರಲ್ಲಿ.

ಇಂದಿನ ಸುದ್ದಿಯಲ್ಲಿ ಏರಿದೆ ಎನ್ನುವುದು ಈ ಚಾಪ್ಟರ್ 12 ಅರ್ಜಿಗಳು. 2024ರಲ್ಲಿ 216 ಬಂದವು, ಹಿಂದಿನ ವರ್ಷಕ್ಕಿಂತ ಶೇ 55 ಜಾಸ್ತಿ. 2025ರಲ್ಲಿ ಇನ್ನೂ ಏರಿದವು. ಶೇಕಡಾವಾರು ಕೇಳಿದರೆ ಎದೆ ಧಸಕ್ಕೆನ್ನುತ್ತದೆ ಅಲ್ವಾ? ಆದರೆ 19 ಲಕ್ಷ ಫಾರ್ಮ್‌ಗಳಲ್ಲಿ 216 ಎಷ್ಟು ಅಂತಲೂ ನೋಡಬೇಕು. 2019ರಲ್ಲಿ ಇದು 600ರ ಹತ್ತಿರ ಇತ್ತು.

ಹಾಗಂತ ಸಂಕಷ್ಟ ಸುಳ್ಳು ಎಂದಲ್ಲ. ದಿವಾಳಿ ಅರ್ಜಿ ಎನ್ನುವುದು ಫಾರ್ಮ್ ಉಳಿಸಿಕೊಳ್ಳಲು ಹಾಕುವುದು. ಕೋರ್ಟ್ ಮುಂದೆ ಸಾಲ ತೀರಿಸುವ ಹೊಸ ಯೋಜನೆ ಇಡಬೇಕು, ಅದಕ್ಕೆ ನಿಯಮಿತ ಆದಾಯ ಬೇಕು. ಬೇಸಾಯ ಬಿಡುವವರಲ್ಲಿ ಹೆಚ್ಚಿನವರು ಕೋರ್ಟಿಗೇ ಹೋಗುವುದಿಲ್ಲ. ಯಂತ್ರಗಳನ್ನು ಹರಾಜು ಹಾಕುತ್ತಾರೆ, ಸಾಲ ತೀರಿಸುತ್ತಾರೆ, ಜಮೀನನ್ನು ಮಾರುತ್ತಾರೆ ಅಥವಾ ಪಕ್ಕದ ದೊಡ್ಡ ರೈತನಿಗೆ ಗುತ್ತಿಗೆಗೆ ಕೊಡುತ್ತಾರೆ. 2022ರಲ್ಲಿ ಅಮೆರಿಕದ ರೈತರ ಸರಾಸರಿ ವಯಸ್ಸು 58 ದಾಟಿತ್ತು. ಮಕ್ಕಳು ಊರಲ್ಲಿಲ್ಲದ ಮನೆಯಲ್ಲಿ ಒಂದು ಕೆಟ್ಟ ವರ್ಷ ಬಂದರೆ ನಿವೃತ್ತಿ ಐದು ವರ್ಷ ಮೊದಲೇ ಆಗುತ್ತದೆ, ಅಷ್ಟೇ. ಅದು ಯಾವ ದಿವಾಳಿ ಅಂಕಿಯಲ್ಲೂ ಕಾಣುವುದಿಲ್ಲ. ಐದು ವರ್ಷಕ್ಕೊಮ್ಮೆ ನಡೆಯುವ ಗಣತಿಯಲ್ಲಿ ಕಾಣುತ್ತದೆ. 2017ರಿಂದ 2022ರೊಳಗೆ ಫಾರ್ಮ್‌ಗಳ ಸಂಖ್ಯೆ ಶೇ 7 ಇಳಿಯಿತು, ಅಂದರೆ 1.4 ಲಕ್ಷ ಫಾರ್ಮ್.

ಗಣತಿಯ ಅಂಕಿಯಲ್ಲೂ ಒಂದು ತೊಡಕಿದೆ. ವರ್ಷಕ್ಕೆ 1,000 ಡಾಲರ್‌ನಷ್ಟು ಉತ್ಪನ್ನ ಮಾರುವ ಜಾಗವೂ ಅಲ್ಲಿ 'ಫಾರ್ಮ್'. ಹಾಗಾಗಿ ಫಾರ್ಮ್‌ಗಳಲ್ಲಿ ಮುಕ್ಕಾಲು ಪಾಲು ವರ್ಷಕ್ಕೆ 50,000 ಡಾಲರ್‌ಗಿಂತ ಕಡಿಮೆ ಮಾರುವವು, ಒಟ್ಟು ಮಾರಾಟದಲ್ಲಿ ಅವುಗಳ ಪಾಲು ಶೇ 2. ಇನ್ನೊಂದು ತುದಿಯಲ್ಲಿ 10 ಲಕ್ಷ ಡಾಲರ್‌ಗೂ ಜಾಸ್ತಿ ಮಾರುವ ಶೇ 6ರಷ್ಟು ಫಾರ್ಮ್‌ಗಳು ಮುಕ್ಕಾಲಿಗಿಂತ ಹೆಚ್ಚು ಉತ್ಪನ್ನ ಮಾರುತ್ತವೆ. ದಾಖಲೆ ಬೆಳೆ ಬಹುಪಾಲು ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ ಇಲ್ಲಿದೆ. ದಾಖಲೆ ಬೆಳೆ ಬಂದರೆ ಬೆಲೆ ಇಳಿಯುತ್ತದೆ. ಬೀಜ, ಗೊಬ್ಬರ, ಯಂತ್ರ, ಬಡ್ಡಿಯ ಖರ್ಚು ಇಳಿಯುವುದಿಲ್ಲ. ಎಕರೆಗೆ ಬರುವ ಲಾಭ ಸಣ್ಣದಾದಾಗ ಜಾಸ್ತಿ ಎಕರೆ ಇದ್ದವನು ತಾಳಿಕೊಳ್ಳುತ್ತಾನೆ. ಬಂಪರ್ ಬೆಳೆ ಮತ್ತು ಖಾಲಿ ಮನೆ ಹೀಗೆ ಒಂದಕ್ಕೊಂದು ಜೊತೆಯಾಗುತ್ತವೆ.

ನೆರವಿನ ಹಣ ಎಲ್ಲಿ ನಿಲ್ಲುತ್ತದೆ?

2025ರ ಅಕ್ಟೋಬರ್ ಕೊನೆಯಲ್ಲಿ ಚೀನಾ ಮತ್ತೆ ಸೋಯಾಬೀನ್ ಕೊಳ್ಳಲು ಒಪ್ಪಿತು. ಮುಂದಿನ ಮೂರು ವರ್ಷ, ವರ್ಷಕ್ಕೆ 2.5 ಕೋಟಿ ಟನ್ ಎಂದು ಅಮೆರಿಕ ಸರ್ಕಾರ ಹೇಳಿದೆ. ಅಲ್ಲಿಯವರೆಗಿನ ನಷ್ಟ ತುಂಬಲು 1,200 ಕೋಟಿ ಡಾಲರ್, ಅದರಲ್ಲಿ 1,100 ಕೋಟಿ ಧಾನ್ಯ, ಎಣ್ಣೆಕಾಳು, ಹತ್ತಿಯಂಥ ಬೆಳೆಗಳಿಗೆ.

ನೆರವಿನ ಪರ ಇರುವವರ ವಾದ ನೇರವಾಗಿದೆ. ಸುಂಕದ ಜಗಳ ಶುರು ಮಾಡಿದ್ದು ಸರ್ಕಾರ, ಮಾರುಕಟ್ಟೆ ಕಳೆದುಕೊಂಡದ್ದು ರೈತ, ಹಾಗಾಗಿ ಸರ್ಕಾರವೇ ಕೊಡಬೇಕು. ಹಣ ಬಾರದಿದ್ದರೆ ಮುಂದಿನ ಬಿತ್ತನೆಗೆ ಬ್ಯಾಂಕ್ ಸಾಲ ಹುಟ್ಟುವುದಿಲ್ಲ. ವಿರೋಧಿಸುವವರು ಹೇಳುವುದು, ಎಕರೆ ಲೆಕ್ಕದಲ್ಲಿ ಕೊಟ್ಟ ಹಣ ಎಕರೆ ಜಾಸ್ತಿ ಇದ್ದವರಿಗೇ ಜಾಸ್ತಿ ಹೋಗುತ್ತದೆ. ಪರಿಹಾರಕ್ಕೆ ಮಿತಿ ಹಾಕಿದರೂ ದಿಕ್ಕು ಬದಲಾಗುವುದಿಲ್ಲ. ಕೃಷಿ ಜಮೀನಿನಲ್ಲಿ ಶೇ 40ರಷ್ಟು ಗುತ್ತಿಗೆಯದ್ದು. ನೆರವು ಖಚಿತ ಎಂದಾದಾಗ ಗುತ್ತಿಗೆ ದರ ಇಳಿಯುವುದಿಲ್ಲ, ಕೊನೆಗೆ ಆ ಹಣ ಜಮೀನಿನ ಒಡೆಯರ ಕಡೆ ಜಾರುತ್ತದೆ. ಮೂರನೇ ಗುಂಪಿನ ಅರ್ಥಶಾಸ್ತ್ರಜ್ಞರಿಗೆ ಈ ತಲೆಬಿಸಿಯೇ ಇಲ್ಲ. ಫಾರ್ಮ್ ದೊಡ್ಡದಾಗುವುದು ದಕ್ಷತೆಯ ಲಕ್ಷಣ, ಅದರಿಂದಲೇ ಆಹಾರ ಅಗ್ಗ ಎನ್ನುತ್ತಾರೆ.

ಮೂರನೇ ವಾದ ಹೊಲದ ಮಟ್ಟಿಗೆ ಸರಿ, ಊರಿನ ಮಟ್ಟಿಗೆ ಅಲ್ಲ. ಓಕ್ಲಹೋಮಾದ ಸಿಮರಾನ್ ಕೌಂಟಿಯನ್ನು ನೋಡಿ. ಧೂಳುಗಾಳಿಯಲ್ಲಿ ತಲೆ ತಗ್ಗಿಸಿ ನಡೆಯುವ ರೈತ ಮತ್ತು ಮಕ್ಕಳ ಪ್ರಸಿದ್ಧ ಚಿತ್ರವನ್ನು ರಾಥ್‌ಸ್ಟೀನ್ 1936ರಲ್ಲಿ ತೆಗೆದದ್ದು ಅಲ್ಲೇ. 1930ರಲ್ಲಿ ಅಲ್ಲಿನ ಜನಸಂಖ್ಯೆ 5,400ರಷ್ಟಿತ್ತು. 2020ರಲ್ಲಿ 2,300ರ ಹತ್ತಿರ. ಧೂಳು ನಿಂತು ಎಂಬತ್ತು ವರ್ಷ ಆಯಿತು, ಜನ ಮಾತ್ರ ಕಡಿಮೆಯಾಗುತ್ತಲೇ ಇದ್ದಾರೆ. ಜನ ಇಲ್ಲದಿದ್ದರೆ ಶಾಲೆ ಮುಚ್ಚುತ್ತದೆ, ಆಸ್ಪತ್ರೆ ದೂರವಾಗುತ್ತದೆ, ಬಿಡಿಭಾಗದ ಅಂಗಡಿ ಹೋಗುತ್ತದೆ. ಆಗ ಲಾಭದಲ್ಲಿರುವ ಫಾರ್ಮ್‌ಗೂ ಕೆಲಸದವರು ಸಿಗುವುದಿಲ್ಲ.

1933ರ ಯೋಜನೆಗೂ ಈಗಿನದಕ್ಕೂ ವ್ಯತ್ಯಾಸ ಬಹಳ ಇದೆ. ಆಗ ಬೆಳೆಯಬೇಡ ಎಂದು ಕೊಟ್ಟರು, ಈಗ ಬೆಳೆದದ್ದಕ್ಕೆ ಬೆಲೆ ಸಿಗಲಿಲ್ಲವೆಂದು ಕೊಡುತ್ತಿದ್ದಾರೆ. ಆದರೆ ಎರಡರಲ್ಲೂ ಅಳತೆಗೋಲು ಎಕರೆ. ಅಲ್ಲಿ ಎಷ್ಟು ಮನೆಗಳಿವೆ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಹಾಗಾದರೆ ಈ ಫೋಟೋಗಳಿಂದ ಪ್ರಯೋಜನವೇನು?

ಪಾಳು ಮನೆಯ ಫೋಟೋಗಳ ಮೇಲೆ ಇನ್ನೊಂದು ಆಕ್ಷೇಪ ಇದೆ. ಕುಸಿತವನ್ನು ಚಂದ ಮಾಡಿ ತೋರಿಸುತ್ತವೆ, ಅದರಲ್ಲಿ ಮನುಷ್ಯರೇ ಇರುವುದಿಲ್ಲ ಎನ್ನುವುದು. ಇದು ಒಪ್ಪತಕ್ಕ ಮಾತು. 1930ರ ದಶಕದ ಫೋಟೋಗ್ರಾಫರ್‌ಗಳು ಮನೆಯ ಜೊತೆ ಮನೆಯವರನ್ನೂ ತೆಗೆದರು, ಅವರು ಹೇಳಿದ್ದನ್ನು ಬರೆದುಕೊಂಡರು. ಇಂದಿನ ಬಹಳಷ್ಟು ಚಿತ್ರಗಳಲ್ಲಿ ಸಂಜೆಯ ಬೆಳಕು ಮತ್ತು ಮುರಿದ ಬಾಗಿಲು ಇಷ್ಟೇ ಇರುತ್ತದೆ. ಮನೆ ಖಾಲಿಯಾದದ್ದು ಕಳೆದ ವರ್ಷವೋ 1955ರಲ್ಲೋ ಎಂದು ಸುಳಿವೂ ಇರುವುದಿಲ್ಲ.

ನೋಡುವವರು ಒಂದೆರಡು ವಿಷಯ ಗಮನಿಸಬಹುದು. ಮೊದಲು ನೆಲ. ಸಾಲು ಹಿಡಿದ ಬೆಳೆ ಇದೆಯೋ, ಕಟಾವಾದ ಕೂಳೆ ಇದೆಯೋ, ಹುಲ್ಲೋ? ಹುಲ್ಲಿದ್ದರೂ ಅವಸರದ ತೀರ್ಮಾನ ಬೇಡ. 1985ರಿಂದ ನಡೆಯುತ್ತಿರುವ ಭೂಸಂರಕ್ಷಣಾ ಯೋಜನೆಯಲ್ಲಿ ಉಳುಮೆ ನಿಲ್ಲಿಸಿ ಹುಲ್ಲು ಬೆಳೆಸಲು ಸರ್ಕಾರ ಬಾಡಿಗೆ ಕೊಡುತ್ತದೆ. ಆಮೇಲೆ ಋತು. ಚಳಿಗಾಲದಲ್ಲಿ ತೆಗೆದರೆ ಚೆನ್ನಾಗಿ ನಡೆಯುತ್ತಿರುವ ಫಾರ್ಮ್ ಕೂಡ ಸತ್ತಂತೆ ಕಾಣುತ್ತದೆ. ವಿದ್ಯುತ್ ತಂತಿಯೂ ಕಾಲದ ಸುಳಿವು ಕೊಡುತ್ತದೆ. 1930ರ ದಶಕದ ಮಧ್ಯದಲ್ಲಿ ಹತ್ತರಲ್ಲಿ ಒಂದು ಫಾರ್ಮ್‌ಗೆ ಮಾತ್ರ ಕರೆಂಟ್ ಇತ್ತು. ಕಂಬ, ಮೀಟರ್ ಇರುವ ಪಾಳು ಮನೆ ಧೂಳಿನ ಕಾಲದಲ್ಲಿ ಖಾಲಿಯಾದದ್ದು ಆಗಿರುವ ಸಾಧ್ಯತೆ ಕಡಿಮೆ.

ಮುಂದೆ ಏನು ನೋಡಬೇಕು

ಬೆಲೆ ಹೀಗೇ ಉಳಿದರೆ ದಿವಾಳಿ ಅಂಕಿ ಇನ್ನಷ್ಟು ಏರಬಹುದು, ಆದರೆ ದೊಡ್ಡ ಬದಲಾವಣೆ ಅಲ್ಲಿ ಕಾಣುವುದಿಲ್ಲ. ಜಮೀನಿನ ಬೆಲೆ ಕಡೆ ಕಣ್ಣಿಡಬೇಕು. 1980ರ ದಶಕದಲ್ಲಿ ಸಾಲಕ್ಕೆ ಭದ್ರತೆಯಾಗಿ ಇಟ್ಟಿದ್ದ ಜಮೀನಿನ ಬೆಲೆಯೇ ಕುಸಿದದ್ದರಿಂದ ಅಷ್ಟು ಮನೆಗಳು ಮುಳುಗಿದವು. ಅಂಥ ಕುಸಿತ ಈ ಸಲ ಇನ್ನೂ ಆಗಿಲ್ಲ. ಹಾಗಾಗಿ ಕಷ್ಟದಲ್ಲಿರುವವರಿಗೆ ಜಮೀನು ಮಾರಿ ಸಾಲದಿಂದ ಹೊರಬರುವ ದಾರಿ ಇದೆ. ಕೊಳ್ಳುವವರು ಯಾರು ಎಂಬುದೂ ಬಹುತೇಕ ಗೊತ್ತಿರುವ ವಿಷಯವೇ.

ಹೊಲವೇ ಬೀಳು ಬೀಳುವ ಅಪಾಯ ಇರುವುದು ಬೇರೆ ಕಡೆ. ಪಶ್ಚಿಮ ಕಾನ್ಸಸ್ ಮತ್ತು ಟೆಕ್ಸಸ್‌ನ ಉತ್ತರ ಭಾಗ ಓಗಲಾಲ ಅಂತರ್ಜಲದ ಮೇಲೆ ನಿಂತಿವೆ. 1930ರ ದಶಕದ ಧೂಳಿನ ನೆಲವನ್ನು ಮತ್ತೆ ಹಸಿರು ಮಾಡಿದ್ದರಲ್ಲಿ ಈ ನೀರಿನ ಪಾಲು ದೊಡ್ಡದು. ಅದನ್ನು ತುಂಬುವುದಕ್ಕಿಂತ ಬೇಗ ಎತ್ತುತ್ತಿದ್ದಾರೆ. ಕೆಲವು ಕಡೆ ಬೋರ್‌ಗಳು ಈಗಾಗಲೇ ಸೋಲುತ್ತಿವೆ. ನೀರು ನಿಂತಲ್ಲಿ ಕೆಲವರು ಮಳೆಯಾಶ್ರಿತ ಬೆಳೆಗೆ ಮರಳುತ್ತಾರೆ, ಕೆಲವರು ಹುಲ್ಲಿಗೆ ಬಿಡುತ್ತಾರೆ. ಮುಂದಿನ ಕೃಷಿ ಗಣತಿ 2027ರದ್ದು. ಫಾರ್ಮ್‌ಗಳ ಸಂಖ್ಯೆಯ ಜೊತೆಗೆ ಈ ಕೌಂಟಿಗಳ ನೀರಾವರಿ ಎಕರೆಯನ್ನೂ ಅದರಲ್ಲಿ ಓದಬೇಕು.